ಅಕ್ಷರವರಿಯದ ವೀರನೂ ನಕ್ಷೆಯನ್ನೋದುವ ಕಣ್ಣೂ

ಅದ್ಭುತ ಕಥೆಗಳಲ್ಲಿ ಬರುವ ವೀರನು ಹಾಳುದೇಗುಲದ ಗೋಡೆಯ ಮೇಲಣ ಶಾಸನವನ್ನು ಕಂಡ ಕೂಡಲೆ ಓದಿಬಿಡುತ್ತಾನೆ. ಸತ್ತ ಕಳ್ಳನ ಸೊಂಟದಲ್ಲಿ ಸಿಕ್ಕಿದ ಹರಕು ನಕ್ಷೆಯೊಂದನ್ನು ದೀಪದ ಬೆಳಕಿಗೆ ಹಿಡಿದು, ನಿಧಿಯಿರುವ ಗುಹೆಗೆ ನೆಟ್ಟನೆ ನಡೆದುಬಿಡುತ್ತಾನೆ. ಅವನು ಯಾವ ಮಠದಲ್ಲಿ ಅಕ್ಷರಾಭ್ಯಾಸ ಮಾಡಿದನು, ಯಾವ ಗುರುವು ಅವನಿಗೆ ಉತ್ತರ ದಿಕ್ಕನ್ನು ತೋರಿಸಿಕೊಟ್ಟನು ಎಂದು ಕೇಳುವ ವಾಚಕರು ಬಹು ವಿರಳ. ಕೇಳಿದರೆ ಕಥೆಯ ಓಟಕ್ಕೆ ಭಂಗವಾಗುವುದೆಂಬ ಸಂಕೋಚವೂ ಉಂಟು. ಆದರೆ ಈಚಿನ ತರುಣರು ಆಡುವ ಒಂದು ಬಗೆಯ ಆಟದಲ್ಲಿ ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಆ ಆಟದ ನೆವದಿಂದ ಅಕ್ಷರಜ್ಞಾನವೆಂದರೇನು, ನಕ್ಷೆಯನ್ನೋದುವುದೆಂದರೇನು ಎಂಬುದನ್ನು ನಮ್ಮ ಸೀಮೆಯ ನಿದರ್ಶನಗಳೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲಮಾಳಿಗೆಗಳೂ ಬೆಂಕಿಯುಗುಳುವ ಮಹೋರಗಗಳೂ ಎಂದು ಅದಕ್ಕೆ ಅರ್ಥ ಹೇಳಬಹುದು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಪ್ರಕಟಿಸಿದರು. ಅನಂತರ ಇದೇ ಜಾತಿಯ ಆಟಗಳು ಅನೇಕವಾಗಿ ಹುಟ್ಟಿಕೊಂಡಿವೆ. ನಾಲ್ಕೈದು ಜನರು ಮೇಜಿನ ಸುತ್ತ ಕುಳಿತು, ಒಬ್ಬನು ಸೂತ್ರಧಾರನಾಗಿ ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಬಾಯಿಮಾತಿನಿಂದಲೇ ಕಥೆಯನ್ನು ನಡಸುವರು. ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದು ಹೊಸದೆಂದು ತೋರಲಾರದು. ಅಲ್ಲಿಯೂ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಅರ್ಥಧಾರಿಯು ಆಶುವಾಗಿ ಮಾತನಾಡುತ್ತಾನಷ್ಟೆ. ಭೇದವಿಷ್ಟೆ: ತಾಳಮದ್ದಳೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಈ ಆಟದಲ್ಲಿ ದಾಳಗಳನ್ನೆಸೆದು ಬಿದ್ದ ಅಂಕದಂತೆ ಫಲವನ್ನು ನಿರ್ಣಯಿಸುವುದರಿಂದ ಕೊನೆ ಯಾರಿಗೂ ಗೊತ್ತಿಲ್ಲ.

ಪ್ರತಿಯೊಂದು ಪಾತ್ರಕ್ಕೂ ಬಲ, ಬುದ್ಧಿ, ವಿವೇಕ, ಕೈಚಳಕ, ದೇಹದಾರ್ಢ್ಯ, ವರ್ಚಸ್ಸು ಎಂಬ ಆರು ಗುಣಗಳುಂಟು. ಹಳೆಯ ವಿಧಿಯಲ್ಲಿ ಮೂರು ದಾಳಗಳನ್ನೆಸೆದು ಬಂದ ಮೊತ್ತವೇ ಆ ಗುಣದ ಅಂಕವಾಗಿತ್ತು. ಆದಕಾರಣ ಅದು ೩ಕ್ಕೆ ಕಡಮೆಯಾಗುತ್ತಿರಲಿಲ್ಲ, ೧೮ಕ್ಕೆ ಮೀರುತ್ತಿರಲಿಲ್ಲ. ಈಗ ನಮ್ಮ ಪ್ರಶ್ನೆಗೆ ಬರೋಣ. ಗುಹೆಯಲ್ಲಿ ಓಲೆಯೊಂದು ಸಿಕ್ಕಿತು. ಈ ಪಾತ್ರಕ್ಕೆ ಓದಲು ಬರುತ್ತದೆಯೆ? ೧೯೮೧ರಲ್ಲಿ ಅಚ್ಚಾದ ಆರಂಭದ ಪುಸ್ತಕವು ಇದಕ್ಕೆ ಕೊಟ್ಟ ಉತ್ತರ ಬಹು ಸರಳ. ಬುದ್ಧಿಯ ಅಂಕವು ೫ನ್ನು ಮೀರದಿದ್ದರೆ ಓದುಬರಹ ಬಾರದು. ೬ರಿಂದ ೮ರವರೆಗಿದ್ದರೆ ಸುಲಭವಾದ ಪದಗಳನ್ನು ಮಾತ್ರ ಬರೆಯಬಹುದು. ೯ನ್ನು ಮುಟ್ಟಿದರೆ ಸ್ವಭಾಷೆಯನ್ನು ಓದಿ ಬರೆಯಬಹುದು. ೨೦೦೦ದಲ್ಲಿ ಹೊರಟ ಆವೃತ್ತಿಯು ಬೇರೊಂದು ದಾರಿಯನ್ನು ಹಿಡಿಯಿತು. ಕಾಡುಮೇಡುಗಳ ಒರಟು ಯೋಧನೊಬ್ಬನನ್ನುಳಿದು ಮಿಕ್ಕ ವೃತ್ತಿಯ ವೀರರೆಲ್ಲರೂ ಅಕ್ಷರಸ್ಥರೆಂದೂ, ಆ ಯೋಧನು ತನ್ನ ಕೌಶಲದ ಗಳಿಕೆಯಲ್ಲಿ ಎರಡು ಅಂಕಗಳನ್ನು ವ್ಯಯಮಾಡಿದರೆ ತಾನಾಡುವ ಭಾಷೆಗಳನ್ನೆಲ್ಲ ಓದಬಲ್ಲನೆಂದೂ ಅದು ವಿಧಿಸಿತು. ೨೦೧೪ರ ಆವೃತ್ತಿಯಲ್ಲಿ ಈ ತೊಡಕೂ ಇಲ್ಲ. ಬಲ್ಲ ಭಾಷೆಯನ್ನು ಪಾತ್ರವು ಆಡಲೂ ಓದಲೂ ಬರೆಯಲೂ ಬಲ್ಲುದೆಂದೇ ಅಲ್ಲಿ ಭಾವಿಸಲಾಗಿದೆ.

ಈ ವಿಧಿಗಳಲ್ಲಿ ಎರಡು ಭ್ರಾಂತಿಗಳು ಅಡಗಿವೆಯೆಂದು ನನ್ನ ಅಭಿಪ್ರಾಯ. ಅಕ್ಷರವೇ ಬುದ್ಧಿಯೆಂಬುದು ಮೊದಲನೆಯದು. ಮಾತು ಬಂದರೆ ಲಿಪಿಯೂ ಬಂದಂತೆಯೇ ಎಂಬುದು ಎರಡನೆಯದು. ಇವೆರಡನ್ನೂ ಪರಿಹರಿಸಲು ದೂರ ಹೋಗಬೇಕಾದುದಿಲ್ಲ. ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲಿಯೇ, ಕಾಮಸಮುದ್ರಕ್ಕೆ ನೆರೆಯಲ್ಲಿಯೇ, ಬೂದಿಕೋಟೆಯೆಂಬ ಊರಿದೆ. ಹೈದರ್ ಅಲಿಯು ಹುಟ್ಟಿದ್ದು ಅಲ್ಲಿ. ಸಾಮಾನ್ಯ ಸೈನಿಕನ ಪದವಿಯಿಂದ ಮೇಲೇರಿ ಮೈಸೂರಿನ ಆಡಳಿತವನ್ನೆಲ್ಲ ಕೈವಶಮಾಡಿಕೊಂಡು, ೧೭೬೯ರಲ್ಲಿ ಮದರಾಸಿನ ಬಾಗಿಲಿಗೇ ದಂಡೆತ್ತಿ ಹೋಗಿ ಆಂಗ್ಲರಿಂದ ಸಂಧಿಪತ್ರಕ್ಕೆ ಸಹಿ ಹಾಕಿಸಿಕೊಂಡ ಆ ಪುರುಷನಿಗೆ ಓದುಬರಹ ಬರುತ್ತಿರಲಿಲ್ಲವೆಂಬುದು ಚರಿತ್ರಪ್ರಸಿದ್ಧವಾದ ಸಂಗತಿ. ಬಂದ ಪತ್ರಗಳನ್ನು ಓದಿಸಿ ಕೇಳುವನು, ಉತ್ತರಗಳನ್ನು ಬಾಯಲ್ಲಿ ಹೇಳಿ ಬರೆಯಿಸುವನು, ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಎಂಬ ಆಂಗ್ಲನು, ಹೈದರನು ತನ್ನ ಮನೆಮಾತಲ್ಲದೆ ಕನ್ನಡ, ಮರಾಠಿ, ತೆಲುಗು, ತಮಿಳುಗಳನ್ನೂ ನಿರರ್ಗಳವಾಗಿ ಆಡುತ್ತಿದ್ದನೆಂದು ಹೇಳುತ್ತಾನೆ.

ಇನ್ನು ಆಟದ ವಿಧಿಯಂತೆ ಈತನಿಗೆ ಅಂಕವನ್ನು ಕೊಟ್ಟು ನೋಡಿರಿ. ಓದು ಬಾರದಾದುದರಿಂದ ೧೯೮೧ರ ಪುಸ್ತಕದ ಪ್ರಕಾರ ಅವನ ಬುದ್ಧಿಯ ಅಂಕ ೫ಕ್ಕೆ ಮೀರಬಾರದು. ಎಂದರೆ ಅವನು ಮಂದಬುದ್ಧಿಯಾಗಬೇಕು! ೨೦೦೦ದ ಪುಸ್ತಕದ ಪ್ರಕಾರವಾದರೋ, ಎರಡೇ ಅಂಕಗಳ ವೆಚ್ಚದಿಂದ ಐದು ಭಾಷೆಗಳ ಲಿಪಿಗಳೂ ಒಂದೇ ದಿನದಲ್ಲಿ ಅವನಿಗೆ ಕರತಲಾಮಲಕವಾಗಬೇಕು! ಒಂದು ವಿಧಿಯು ಅವನನ್ನು ತೀರ ಕೆಳಕ್ಕಿಳಿಸುತ್ತದೆ, ಇನ್ನೊಂದು ತೀರ ಮೇಲಕ್ಕೇರಿಸುತ್ತದೆ. ಇದ್ದ ಹೈದರನು ಎರಡಕ್ಕೂ ಸಿಕ್ಕುವುದಿಲ್ಲ.

ಎರಡನೆಯ ಭ್ರಾಂತಿಯ ಪರಿಹಾರವಂತೂ ಕಾಮಸಮುದ್ರದ ಸಂತೆಬೀದಿಯಲ್ಲಿಯೇ ದೊರೆಯುತ್ತದೆ. ಈ ಹೋಬಳಿಯು ಕರ್ಣಾಟಕದ ಅಂಚಿನಲ್ಲಿದೆ. ಒಂದು ಕಡೆ ಆಂಧ್ರಪ್ರದೇಶದ ಕುಪ್ಪಂ ಸೀಮೆ, ಇನ್ನೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ ಸೀಮೆ. ಗಡಿಯ ಕಾಡಿನಿಂದ ಬರುವ ಆನೆಯ ಹಿಂಡಿಗೆ ಮೂರು ರಾಜ್ಯಗಳ ಭೇದವಿಲ್ಲ. ಇಲ್ಲಿಯ ಜನರ ಮಾತಿಗೂ ಇಲ್ಲ. ಮನೆಯಲ್ಲಿ ತೆಲುಗಾಡಿ, ಶಾಲೆಯಲ್ಲಿ ಕನ್ನಡ ಓದಿ, ಚಿನ್ನದ ಗಣಿಯ ಊರಿನ ನೆಂಟರೊಡನೆ ತಮಿಳಿನಲ್ಲಿ ಹರಟುವವರು ಇಲ್ಲಿ ಬೇಕಾದಷ್ಟು ಮಂದಿ. ಆದರೆ ಮೂರು ಭಾಷೆಗಳನ್ನಾಡುವವರೆಲ್ಲ ಮೂರು ಲಿಪಿಗಳನ್ನು ಓದುವರೆ? ಇಲ್ಲ. ಕನ್ನಡವನ್ನೋದಬಲ್ಲವನು ತೆಲುಗಿನ ಹಲಗೆಯನ್ನು ತಡವರಿಸುತ್ತ ಓದಿಯಾನು, ಏಕೆಂದರೆ ಅವೆರಡೂ ಅಕ್ಕತಂಗಿಯರಂತಿರುವ ಲಿಪಿಗಳು. ತಮಿಳಿನ ಹಲಗೆಯ ಮುಂದೆ ಅವನೇ ಬೆಪ್ಪಾಗಿ ನಿಲ್ಲುವನು. ಪಕ್ಕದವನು ಓದಿ ಹೇಳಿದ ಕ್ಷಣದಲ್ಲಿ ಅರ್ಥವೆಲ್ಲ ತಿಳಿದುಬಿಡುವುದು! ಕಿವಿ ಬಲ್ಲದ್ದನ್ನು ಕಣ್ಣರಿಯದು. ಕೋಲಾರದ ಕೋಲಾರಮ್ಮನ ದೇವಾಲಯದ ಗೋಡೆಗಳಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಅಲ್ಲಿ ಪೂಜೆಗೆ ಹೋಗುವ ಎಷ್ಟೋ ಜನ ತಮಿಳನ್ನಾಡುವವರೇ ಆದರೂ ಅವುಗಳನ್ನೋದಲಾರರು. ಏಕೆಂದರೆ ಲಿಪಿಗೆ ದೇಶವಿದ್ದಂತೆ ಕಾಲವೂ ಉಂಟು.

ನಮ್ಮ ಪ್ರಾಚೀನ ಕವಿಗಳು ಈ ವಿಷಯದಲ್ಲಿ ಎಷ್ಟು ಎಚ್ಚರವಾಗಿದ್ದರೆಂಬುದು ಗಮನಿಸತಕ್ಕದ್ದು. ಆಶ್ರಮದಲ್ಲಿ ಬೆಳೆದ ಶಕುಂತಲೆಯು ಕಮಲದೆಲೆಯ ಮೇಲೆ ಉಗುರಿನಿಂದ ಪ್ರಣಯಲೇಖವನ್ನು ಬರೆಯುತ್ತಾಳೆ. ಕಾಳಿದಾಸನು ಅವಳನ್ನು ಅಕ್ಷರಸ್ಥೆಯೆಂದು ಇಟ್ಟಿದ್ದಾನೆ. ವಿಕ್ರಮೋರ್ವಶೀಯದಲ್ಲಿ ಊರ್ವಶಿಯ ಭೂರ್ಜಪತ್ರವು ಗಾಳಿಗೆ ಹಾರಿ ರಾಣಿಯ ದಾಸಿಯ ಕೈಗೆ ಸಿಕ್ಕುತ್ತದೆ. ಆ ದಾಸಿಗೆ ಓದಲು ಬರುತ್ತದಾದುದರಿಂದಲೇ ರಾಜನ ಗುಟ್ಟು ರಟ್ಟಾಗುತ್ತದೆ. ಮುದ್ರಾರಾಕ್ಷಸದಲ್ಲಿ ಚಾಣಕ್ಯನು ಕಪಟಪತ್ರವನ್ನು ತಾನೇ ಬರೆಯದೆ, ಶ್ರೋತ್ರಿಯರ ಅಕ್ಷರವು ಎಷ್ಟು ಯತ್ನಪಟ್ಟರೂ ಸ್ಪಷ್ಟವಾಗದೆಂಬ ಕಾರಣವನ್ನು ಹೇಳಿ ಶಕಟದಾಸನೆಂಬ ಲೇಖಕನಿಂದ ಬರೆಯಿಸುತ್ತಾನೆ. ಬ್ರಾಹ್ಮಣ ಪಂಡಿತರ ಕೈಬರಹವನ್ನು ಮೂವತ್ತು ವರ್ಷ ಕಂಡ ನನಗೆ ಈ ಮಾತಿನಲ್ಲಿ ಅತಿಶಯೋಕ್ತಿಯೇನೂ ತೋರದು! ಅದೇ ನಾಟಕದಲ್ಲಿ ಗೂಢಚಾರನೊಬ್ಬನು ಯಮಪಟವನ್ನು ಹಿಡಿದು ಮನೆಮನೆಗೆ ಹೋಗುತ್ತಾನೆ. ಅಕ್ಷರವಿಲ್ಲದವರೂ ‘ಓದ’ಬಹುದಾದ ಚಿತ್ರದ ಬಟ್ಟೆಯದು. ನಮ್ಮ ಕೋಲಾರ ಜಿಲ್ಲೆಯ ಹೊಲಗಳಲ್ಲಿ ನಿಂತಿರುವ ವೀರಗಲ್ಲುಗಳೂ ಇದೇ ಜಾತಿಯವು. ಕೆಳಗೆ ಯುದ್ಧ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ: ಹೀಗೆ ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗುವ ಕ್ರಮವನ್ನು ದನಕಾಯುವ ಹುಡುಗನೂ ಬಲ್ಲನು.

ಇಲ್ಲಿಗೆ ಅಕ್ಷರದ ಮಾತಾಯಿತು. ನಕ್ಷೆಯ ಮಾತು ಬೇರೆ. ಅಕ್ಷರ ಬಂದವನಿಗೆ ನಕ್ಷೆಯೂ ಬರುವುದೆಂಬ ನಿಯಮವಿಲ್ಲ. ಅಕ್ಷರ ಬಾರದವನು ದಾರಿಯನ್ನರಿಯನೆಂಬ ನಿಯಮವೂ ಇಲ್ಲ. ಕಿಷ್ಕಿಂಧಾಕಾಂಡದಲ್ಲಿ ಸುಗ್ರೀವನು ವಾನರರನ್ನು ನಾಲ್ಕು ದಿಕ್ಕುಗಳಿಗೆ ಕಳುಹುವಾಗ ಯಾವ ಪಟವನ್ನೂ ಬಿಡಿಸುವುದಿಲ್ಲ. ನದಿ, ಪರ್ವತ, ದ್ವೀಪಗಳನ್ನು ಬಾಯಿಂದಲೇ ಕ್ರಮವಾಗಿ ಹೇಳುತ್ತಾನೆ. ಭೂಮಂಡಲವೆಲ್ಲ ನಿನಗೆ ಹೇಗೆ ತಿಳಿಯಿತೆಂದು ರಾಮನು ಕೇಳಿದಾಗ ಅವನು ಕೊಡುವ ಉತ್ತರವು ಮಾರ್ಮಿಕವಾದುದು. ವಾಲಿಯ ಭಯದಿಂದ ದಿಕ್ಕುದಿಕ್ಕಿಗೆ ಓಡಿದವನು ತಾನು. ಓಡಿ ಓಡಿ ಕಂಡದ್ದನ್ನೇ ಹೇಳಿದನು. ನಡೆದವನಿಗೆ ನೆನಪೇ ನಕ್ಷೆ.

ಆದರೆ ನಡೆಯದವನಿಗೆ? ಅವನಿಗಾಗಿಯೇ ನಕ್ಷೆ ಹುಟ್ಟಿದ್ದು. ಇದಕ್ಕೂ ನಮ್ಮ ಸೀಮೆಯೇ ಸಾಕ್ಷಿ. ಟಿಪ್ಪುವಿನ ಪತನಾನಂತರ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸೀಮೆಯ ಅಳತೆಯು ಆರಂಭವಾಯಿತು. ೧೮೦೨ರಲ್ಲಿ ಪೂರ್ವದ ಗಡಿಯನ್ನಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬವನಿಗೆ ಬೂದಿಕೋಟೆಯ ಮೂಡಣ ಗುಡ್ಡವೊಂದರ ಬಳಿಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ವದಂತಿಯು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನವೆಂದು ಅವನು ಸಾರಿದನು. ಉರಿಗಾಂ ಗ್ರಾಮದ ರೈತನೊಬ್ಬನು ಬಂದು ಸ್ಥಳವನ್ನು ತೋರಿಸಿದನು. ಹೆಂಗಸರು ಮಣ್ಣನ್ನು ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸಿ ತೋರಿಸಿದರು. ಮಾರಿಕುಪ್ಪದ ಬಳಿ ಹಳೆಯ ಗುಂಡಿಗಳಲ್ಲಿ ಜನರು ಇಳಿದು ಅದಿರನ್ನು ತೆಗೆಯುತ್ತಿದ್ದುದನ್ನೂ ಅವನು ಕಂಡನು. ಗಮನಿಸಿರಿ: ಚಿನ್ನವೆಲ್ಲಿದೆಯೆಂಬುದನ್ನು ಬಲ್ಲವರು ಆ ರೈತನೂ ಆ ಹೆಂಗಸರೂ, ಅವರ ಹೆಸರುಗಳು ಲೋಕಕ್ಕೆ ಉಳಿಯಲಿಲ್ಲ. ಅದನ್ನು ಕಾಗದದ ಮೇಲೆ ಇಟ್ಟವನು ವಾರನ್, ಅವನ ಹೆಸರುಳಿಯಿತು. ಏಳು ದಶಕಗಳು ಕಳೆದ ಮೇಲೆ, ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕಲ್ ಲಾವೆಲ್ ಎಂಬ ನಿವೃತ್ತ ಸೈನಿಕನು ವಾರನ್ನನ ವರದಿಯ ಜಾಡನ್ನು ಹಿಡಿದು ಇಲ್ಲಿಗೆ ಬಂದು, ೧೮೭೩ರಲ್ಲಿ ಗಣಿಯ ಹಕ್ಕಿಗಾಗಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದನು. ಆ ವರದಿಯಿಂದಲೇ, ಈ ನೆಲವನ್ನು ಎಂದೂ ತುಳಿಯದವನಿಗೆ ಇಲ್ಲಿಯ ಗುಟ್ಟು ತಲುಪಿತು. ಬಲ್ಲವನ ಕಾಲಿನಿಂದ ಅರಿಯದವನ ಕಣ್ಣಿಗೆ ಜ್ಞಾನವನ್ನು ದಾಟಿಸುವುದೇ ನಕ್ಷೆಯ ಶಕ್ತಿ. ದಾಟಿಸಿದವನಿಗೆ ಲಾಭವೂ ದಾಟಿಹೋಗುವುದು ಅದರ ಅಪಾಯ.

ವಾರನ್ನನ ವಿಷಯವಾಗಿ ಇನ್ನೊಂದು ಮಾತು. ೧೮೨೫ರಲ್ಲಿ ಅವನು ‘ಕಾಲಸಂಕಲಿತ’ವೆಂಬ ಗ್ರಂಥವನ್ನು ಮದರಾಸಿನಲ್ಲಿ ಅಚ್ಚುಹಾಕಿಸಿದನು, ದಕ್ಷಿಣದೇಶದ ಪಂಚಾಂಗಪದ್ಧತಿಗಳೇ ಅದರ ವಿಷಯ. ಪುದುಚ್ಚೇರಿಯ ಪಂಚಾಂಗದವನೊಬ್ಬನು ಕಾಗದ ಲೇಖನಿಗಳನ್ನು ಮುಟ್ಟದೆ, ನೆಲದ ಮೇಲೆ ಕವಡೆಗಳನ್ನು ಜೋಡಿಸುತ್ತ, ಸಂಖ್ಯೆಗಳನ್ನು ಪದಗಳಲ್ಲಿ ಹುದುಗಿಸಿ ಬಾಯಿಪಾಠ ಮಾಡಿಕೊಂಡಿದ್ದ ಕೋಷ್ಠಕಗಳ ಬಲದಿಂದ ಚಂದ್ರಗ್ರಹಣವನ್ನು ಗಣಿಸಿದ ಬಗೆಯನ್ನು ಅವನು ಅಲ್ಲಿ ವಿವರಿಸಿದ್ದಾನೆ. ಆ ಗಣಿತದಲ್ಲಿ ಗ್ರಹಣದ ಸ್ಪರ್ಶಕಾಲಕ್ಕೆ ೪, ಮಧ್ಯಕ್ಕೆ ೨೩, ಮೋಕ್ಷಕ್ಕೆ ೫೨ ನಿಮಿಷಗಳ ವ್ಯತ್ಯಾಸ ಬಂದಿತು. ಕವಡೆಗಳಿಂದ ಇಷ್ಟು ಸಾಧಿಸಿದವನನ್ನು ನಾವು ಏನೆಂದು ಕರೆಯೋಣ? ಬರೆಯಲಿಲ್ಲವೆಂಬ ಕಾರಣದಿಂದ ಅವನಿಗೆ ಬುದ್ಧಿಯಲ್ಲಿ ೫ ಅಂಕವೆ? ಓದದೆಯೇ ಕಾವ್ಯಪ್ರಯೋಗದಲ್ಲಿ ಪಳಗಿದ ಜನರೆಂದು ಕನ್ನಡಿಗರನ್ನು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಕೊಂಡಾಡಿದ್ದು ಬರಿಯ ಅಭಿಮಾನದ ಮಾತಲ್ಲವೆಂದು ಇಂಥ ನಿದರ್ಶನಗಳಿಂದ ತಿಳಿಯುತ್ತದೆ.

ಗಣಿಯಲ್ಲಿ ಈ ಎರಡು ವಿದ್ಯೆಗಳೂ ಒಂದಕ್ಕೊಂದು ಎದುರಾಗಿ ನಿಂತುವು. ೨೦೦೧ರ ಫೆಬ್ರವರಿಯಲ್ಲಿ ಮುಚ್ಚುವ ವೇಳೆಗೆ ಕೋಲಾರ ಚಿನ್ನದ ಗಣಿಯು ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಕ್ಕು ಇಳಿದಿತ್ತು. ಅಕ್ಷರವರಿಯದೆ ಬಂದ ಕೂಲಿಯೂ ತನ್ನ ಸುರಂಗದ ತಿರುವುಗಳನ್ನು ಗಾಳಿಯ ಬಿಸಿಯಿಂದ, ಮರದ ಊರುಗೋಲಿನಿಂದ, ಕಾಲ ಕೆಳಗಣ ಕಂಬಿಯಿಂದ ಗುರುತಿಸಬಲ್ಲವನಾದನು. ಆದರೆ ಬಂಡೆ ಸಿಡಿದು ದಾರಿ ಮುಚ್ಚಿದಾಗ, ಅವನನ್ನು ಹುಡುಕಲು ಹೊರಟವನು ಆ ಸುರಂಗದಲ್ಲಿ ಎಂದೂ ನಡೆಯದವನಾದರೆ, ಆಗ ನೆನಪು ನಿಷ್ಪ್ರಯೋಜಕ; ಕಚೇರಿಯ ನಕ್ಷೆಯೇ ಗತಿ.

ಇದೆಲ್ಲ ಆಟದ ಹುಡುಗರಿಗೆ ಏಕೆ, ಮನೆಯವರಿಗೆ ಏಕೆ ಎನ್ನುವಿರಾದರೆ, ಹೇಳುತ್ತೇನೆ. ನಮ್ಮ ಸೀಮೆಯ ಮನೆಯೊಂದರಲ್ಲಿ (ಹೆಸರು ಬೇಡ) ಆಸ್ತಿಯ ವಿಭಾಗವಾಯಿತು. ವಿಧವೆಯಾದ ಹೆಣ್ಣುಮಗಳೊಬ್ಬಳು ವಿಭಾಗಪತ್ರವನ್ನು ಆದ್ಯಂತವಾಗಿ ತಾನೇ ಓದಿ ಸಹಿ ಮಾಡಿದಳು. ಮಾಸಪತ್ರಿಕೆಗಳನ್ನೂ ಪುರಾಣವನ್ನೂ ಓದುವ ಜಾಣೆ ಅವಳು. ಗುಂಟೆಗಳ ಲೆಕ್ಕ ಸರಿಯಾಗಿಯೇ ಇತ್ತು. ಪತ್ರಕ್ಕೆ ಹೊಂದಿಸಿದ್ದ ನಕ್ಷೆಯನ್ನು ಮಾತ್ರ ಅವಳು ನೋಡಿದಳು, ಓದಲಿಲ್ಲ. ಬಾವಿಯೂ ಬಂಡಿಯ ದಾರಿಯೂ ಗೆರೆಯ ಆಚೆಗೆ ಬಿದ್ದಿದ್ದುವೆಂಬುದು ಬೇಲಿ ಹಾಕಿದ ದಿನ ತಿಳಿಯಿತು. ಅಕ್ಷರ ಕಲಿಸಿದ ಶಾಲೆಯು ಆಕೆಗೆ ಗೆರೆಯನ್ನು ಕಲಿಸಿರಲಿಲ್ಲ. ಪಹಣಿಯು ಕಂಪ್ಯೂಟರಿಗೆ ಏರಿ ಎರಡು ದಶಕಗಳು ಮೀರಿದ ಈ ದಿನದಲ್ಲಿಯೂ, ಗ್ರಾಮನಕ್ಷೆಯನ್ನೂ ಹೊಲದ ಟಿಪ್ಪಣಿಯನ್ನೂ ಓದಬಲ್ಲವರು ಊರಿಗೆಷ್ಟು ಮಂದಿ? ಓದಲಾರದವರ ಹೊಲದ ಎಲ್ಲೆಯನ್ನು ಓದಬಲ್ಲವರು ನಿರ್ಣಯಿಸುವರು. ಇದು ಆಟದ ಮಾತಲ್ಲ.

ಆದರೂ ಆಟದಿಂದಲೇ ಇದಕ್ಕೆ ಔಷಧವುಂಟು. ಮೇಲೆ ಹೇಳಿದ ಆಟದಲ್ಲಿ ಹಳೆಯ ಕಾಲದಿಂದ ಒಂದು ಸಂಪ್ರದಾಯವಿದೆ. ಆಟಗಾರರಲ್ಲಿ ಒಬ್ಬನು ನಕ್ಷೆಗಾರನಾಗಬೇಕು. ಸೂತ್ರಧಾರನು ‘ಉತ್ತರಕ್ಕೆ ಮೂವತ್ತು ಅಡಿ ನಡೆದಿರಿ, ಅಲ್ಲಿಂದ ಎಡಕ್ಕೆ ತಿರುವು, ಇಪ್ಪತ್ತಡಿಯ ಮೇಲೆ ಬಾಗಿಲು’ ಎಂದು ಹೇಳುತ್ತ ಹೋದಂತೆ, ಅವನು ಚೌಕುಳಿಯ ಕಾಗದದ ಮೇಲೆ ಚೌಕಕ್ಕೆ ಹತ್ತಡಿಯಂತೆ ಗೆರೆ ಎಳೆಯುತ್ತ ಹೋಗಬೇಕು. ತಪ್ಪಿದರೆ ಇಡೀ ತಂಡವು ಕತ್ತಲೆಯಲ್ಲಿ ದಾರಿಗೆಡುವುದು. ಇದು ಭೂಮಾಪಕನ ವಿದ್ಯೆಯೇ ಅಲ್ಲದೆ ಮತ್ತೇನು? ನಮ್ಮ ಅಳತೆಯವರ ಸರಪಳಿಯ ಉದ್ದ ೩೩ ಅಡಿ, ಅದರಲ್ಲಿ ೧೬ ಆಣೆ. ಸರಪಳಿಯುದ್ದದ ಚೌಕವು ೧,೦೮೯ ಚದರಡಿ, ಅದೇ ಒಂದು ಗುಂಟೆ. ಅಂಥ ೪೦ ಗುಂಟೆಗಳು ಒಂದು ಎಕರೆ. ಹಳೆಯ ಗ್ರಾಮನಕ್ಷೆಗಳಲ್ಲಿ ಸಾಮಾನ್ಯವಾಗಿ ಮೈಲಿಗೆ ಎಂಟು ಅಂಗುಲ, ಎಂದರೆ ಅಂಗುಲಕ್ಕೊಂದು ಫರ್ಲಾಂಗು. ಚೌಕಕ್ಕೆ ಹತ್ತಡಿಯನ್ನು ಕಲಿತ ಬಾಲಕನಿಗೆ ಇದನ್ನು ಕಲಿಸಲು ಒಂದು ಸಂಜೆ ಸಾಕು.

ಮನೆಯಲ್ಲಿ ಇಂಥ ಆಟವನ್ನಾಡುವ ಮಕ್ಕಳಿಗೆ ನನ್ನ ಸೂಚನೆಗಳು ಇಷ್ಟು. ಬುದ್ಧಿಯ ಅಂಕಕ್ಕೂ ಓದುಬರಹಕ್ಕೂ ಗಂಟು ಹಾಕಬೇಡಿರಿ; ಪಾತ್ರವು ಎಲ್ಲಿ ಹುಟ್ಟಿತು, ಯಾರ ಬಳಿ ಬೆಳೆಯಿತು ಎಂಬುದರಿಂದ ಅದನ್ನು ನಿರ್ಣಯಿಸಿರಿ. ಲಿಪಿಯೊಂದೊಂದನ್ನೂ ಬೇರೆಬೇರೆಯಾಗಿ ಕಲಿಯಬೇಕೆಂದು ವಿಧಿಸಿರಿ. ಬಂಧುಲಿಪಿಯಾದರೆ ಅರ್ಧ ಶ್ರಮ ಸಾಕು. ಅಕ್ಷರವಿಲ್ಲದ ಪಾತ್ರವು ತಾನು ನಡೆದ ದಾರಿಯನ್ನು ಮರಳಿ ಹೇಳಬಲ್ಲುದು. ನಡೆಯದ ದಾರಿಯ ನಕ್ಷೆಯನ್ನು ಮಾತ್ರ ಯಾರಾದರೂ ಹೇಳಿಕೊಡಬೇಕು. ಅಕ್ಷರಸ್ಥನಾದ ಪಂಡಿತನಿಗೂ ಇದೇ ನಿಯಮ. ೧೯೩೭ರಲ್ಲಿ ಪ್ರಕಟವಾದ ಟೋಲ್ಕಿನ್ನನ ‘ದಿ ಹಾಬಿಟ್’ ಎಂಬ ಕಥೆಯಲ್ಲಿಯೂ, ವಂಶದ ನಕ್ಷೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಒಡೆಯನೇ ಅದರ ಗುಪ್ತಾಕ್ಷರಗಳನ್ನು ಕಾಣಲಾರದೆ ಹೋಗುತ್ತಾನೆ. ಚಂದ್ರನ ಬೆಳಕಿನಲ್ಲಿ ಮಾತ್ರ ತೋರುವ ಆ ಬರಹವನ್ನು ಬಲ್ಲವನೊಬ್ಬನು ಓದಿ ಹೇಳಬೇಕಾಗುತ್ತದೆ. ಕಥೆಗೆ ಅದರಿಂದ ಸೊಗಸು ಹೆಚ್ಚಿತೇ ಹೊರತು ಕುಂದಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಷರವರಿಯದ ವೀರನು ಕಥೆಯ ನಡುವೆ ಅಕ್ಷರ ಕಲಿಯುವ ಅವಕಾಶವಿರಲಿ. ನಿಧಿಯನ್ನು ಗೆಲ್ಲುವುದಕ್ಕಿಂತ ಅದು ಕಡಮೆಯ ಸಾಹಸವಲ್ಲ.

ಗೃಹಿಣಿಯರಲ್ಲಿ ಒಂದು ವಿಜ್ಞಾಪನೆ. ಆಟದಲ್ಲಿ ನಕ್ಷೆಗಾರನ ಕೆಲಸವನ್ನು ಮಾತು ಕಡಮೆಯಾದ ಮಗುವಿಗೂ, ವಿಶೇಷವಾಗಿ ಹೆಣ್ಣುಮಕ್ಕಳಿಗೂ ವಹಿಸಿರಿ. ಮಳೆ ಹಿಡಿದ ದಿನಗಳಲ್ಲಿ ಮನೆಯ ನಕ್ಷೆಯನ್ನೂ, ಬಿಸಿಲು ಬಂದಮೇಲೆ ಹಿತ್ತಿಲ ನಕ್ಷೆಯನ್ನೂ ಹೆಜ್ಜೆಯಿಂದ ಅಳೆದು ಬರೆಯಿಸಿರಿ. ಸೂರ್ಯನನ್ನು ನೋಡಿ ದಿಕ್ಕನ್ನು ಗುರುತುಮಾಡಿಸಿರಿ. ಆಮೇಲೆ ಪೆಟ್ಟಿಗೆಯ ತಳದಲ್ಲಿರುವ ನಿಮ್ಮ ಹೊಲದ ಟಿಪ್ಪಣಿಯನ್ನು ಹೊರಗೆ ತೆಗೆದು ಆ ಮಕ್ಕಳ ಮುಂದೆ ಬಿಡಿಸಿಡಿರಿ. ಬಾವಿಯೆಲ್ಲಿದೆ, ದಾರಿಯೆಲ್ಲಿದೆ ಎಂದು ಅವರನ್ನೇ ಕೇಳಿರಿ. ಅವರು ಬೆರಳಿಟ್ಟು ತೋರಿಸಿದ ದಿನ, ಆ ಮನೆಯ ಎಲ್ಲೆಯನ್ನು ಅವರ ಅರಿವಿಲ್ಲದೆ ಸರಿಸಲು ಯಾರಿಗೂ ಸುಲಭವಾಗದು.